ಹಿತ್ತಿಲಿನ ಅಗ್ನಿಕುಂಡ

ಮಾಗಿಯ ಚಳಿ ಕವಿಯುವ ಮಲೆನಾಡಿನ ಹಿತ್ತಿಲಲ್ಲಿ ಅಗ್ನಿಕುಂಡವನ್ನು ರಚಿಸಬಯಸುವವರು, ಗೋಡೆಗೂ ಹುಲ್ಲಿನ ಬಣವೆಗೂ ದೂರವಾಗಿ, ಮೇಲೆ ಕೊಂಬೆ ಚಾಚಿರದ ಸಮತಲ ಸ್ಥಳವನ್ನಾಯ್ದು, ಗೂಟ ನೆಟ್ಟು, ಹಗ್ಗದಿಂದ 3 ಅಡಿ ವ್ಯಾಸದ ವೃತ್ತವನ್ನೆಳೆದು, 9 ಅಂಗುಲ ಆಳಕ್ಕೆ ಮಣ್ಣು ತೆಗೆದು, ನೀರಿಂಗಲೆಂದು ತಳಕ್ಕೆ ಜಲ್ಲಿ ಹಾಸತಕ್ಕದ್ದು.

ಹೊಳೆಯ ನುಣುಪುಗಲ್ಲನ್ನು ಸುತ್ತ ಜೋಡಿಸುವ ಆಸೆ ಸಹಜವೇ, ನೋಟಕ್ಕದು ಚೆಲುವೂ ಹೌದು. ಆದರೆ ಅದರ ಸೂಕ್ಷ್ಮರಂಧ್ರಗಳಲ್ಲಡಗಿದ ಜಲಾಂಶವು ಉಷ್ಣದಿಂದ ಆವಿಯಾಗಿ, ಹೊರಬರಲು ದಾರಿ ಕಾಣದೆ, ಕಲ್ಲನ್ನೇ ಸಿಡಿಸಿ ಅದರ ಚೂರುಗಳನ್ನು ಕುಳಿತವರ ಮೇಲೆ ಎರಚಬಲ್ಲುದು. ಒಳಸುತ್ತಿಗೆ ಕುಲುಮೆಯ ಶಾಖನಿರೋಧಕ ಇಟ್ಟಿಗೆಯೇ ಯೋಗ್ಯ.

ಆಸನಗಳ ನೆಲಕ್ಕೂ ಉರುಟುಗಲ್ಲು ಸಲ್ಲದು. ಮೂಲೆಗಳುಳ್ಳ ಒಡೆದ ಜಲ್ಲಿ ಪರಸ್ಪರ ಕಚ್ಚಿಕೊಂಡು, ಕುರ್ಚಿಯ ಕಾಲು ಹೂಳದಂತೆ ತಡೆಯುವುದು. ಬೆಂಕಿ ಹೊತ್ತಿಸುವ ಮುನ್ನ ಒಂದು ಬಕೆಟ್ ನೀರು ಪಕ್ಕದಲ್ಲಿರಲಿ.