ಕಣಗಳ ಎಲ್ಲೆ
ಬೆಂಗಳೂರಿನ ಸುಂಕದಕಟ್ಟೆಗೂ ಪೀಣ್ಯಕ್ಕೂ ನಡುವೆ, ಹೊಲಗಳೆಲ್ಲ ನಿವೇಶನಗಳಾಗಿ ಹಂಚಿಹೋದ ಹೆಗ್ಗನಹಳ್ಳಿಯಲ್ಲಿ ಎಲ್ಲೆಯ ಬೆಲೆಯನ್ನು ಅರಿಯದವರಿಲ್ಲ. ಮೂಲೆಗಳಲ್ಲಿ ಕಲ್ಲು ನೆಟ್ಟಮೇಲೆ ಒಳಗಿನ ಮಣ್ಣು ಒಬ್ಬನದು, ಹೊರಗಿನದು ಇನ್ನೊಬ್ಬನದು. ಕಣಗಳನ್ನು ವಿಂಗಡಿಸುವ ಫ್ಲೋ ಸೈಟೋಮೆಟ್ರಿಯೂ ಇಂಥ ಕಲ್ಲುಗಳನ್ನು ನೆಡುತ್ತಲೇ ಬೆಳೆದ ವಿದ್ಯೆ. ರಕ್ತದ ಕ್ಯಾನ್ಸರಿನ ಶಂಕೆಯಿಂದ ಈ ಊರಿನವರಾರಾದರೂ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಗೆ ಹೋದರೆ, ರೋಗವು ಯಾವ ಬಗೆಯದೆಂಬ ನಿರ್ಣಯಕ್ಕೆ ಈ ವಿದ್ಯೆಯೂ ಒದಗುವುದು.

ದ್ರವದಲ್ಲಿ ತೇಲುವ ಕಣಗಳನ್ನು ಸೂಕ್ಷ್ಮ ರಂಧ್ರದ ಮೂಲಕ ಹಾಯಿಸಿ ವಿದ್ಯುತ್ತಿನಿಂದ ಎಣಿಸುವ ಉಪಾಯಕ್ಕೆ ಅಮೆರಿಕದ ವ್ಯಾಲೇಸ್ ಕೌಲ್ಟರರು ೧೯೫೩ರಲ್ಲಿ ಪೇಟೆಂಟ್ ಪಡೆದರು. ರಿಚರ್ಡ್ ಸ್ವೀಟರು ಶಾಯಿಯ ಹನಿಗಳನ್ನು ಚಿಮ್ಮಿಸಲು ರೂಪಿಸಿದ್ದ ತಂತ್ರವನ್ನು ಆಶ್ರಯಿಸಿ, ಲಾಸ್ ಅಲಮೋಸಿನ ಮ್ಯಾಕ್ ಫುಲ್‌ವೈಲರರು ೧೯೬೫ರಲ್ಲಿ ಕಣಗಳನ್ನು ಬೇರ್ಪಡಿಸುವ ಯಂತ್ರವನ್ನು ಲೋಕಕ್ಕೆ ತಿಳಿಸಿದರು. ಸ್ಟ್ಯಾನ್‌ಫರ್ಡಿನ ಲಿಯೊನಾರ್ಡ್ ಹರ್ಜನ್‌ಬರ್ಗರ ಬಳಗವು ಪ್ರತಿದೀಪ್ತಿಯನ್ನು ವಿಂಗಡಣೆಯ ಸಾಧನವಾಗಿಸಿತು.

ಕಣವು ಲೇಸರ್ ಕಿರಣವನ್ನು ಹಾಯುವಾಗ ಮುಂದಕ್ಕೆ ಚೆದುರುವ ಬೆಳಕು ಅದರ ಗಾತ್ರವನ್ನೂ, ಪಕ್ಕಕ್ಕೆ ಚೆದುರುವ ಬೆಳಕು ಒಳರಚನೆಯ ಜಟಿಲತೆಯನ್ನೂ ಸ್ಥೂಲವಾಗಿ ಸೂಚಿಸುವುದು. ಇವೆರಡನ್ನು ಅಕ್ಷಗಳನ್ನಾಗಿ ಮಾಡಿ ಚುಕ್ಕಿಯಿಟ್ಟರೆ ಲಿಂಫೋಸೈಟ್, ಮೋನೋಸೈಟ್, ಗ್ರಾನ್ಯುಲೋಸೈಟ್ ಎಂಬ ಬಿಳಿಯ ರಕ್ತಕಣಗಳು ಗುಂಪುಗೂಡಿ ಕಾಣುವುವು; ಆದರೆ ಗುಂಪುಗಳು ಓರೆಯಾಗಿ ಹಬ್ಬಿ ಒಂದನ್ನೊಂದು ತಾಗುವುದರಿಂದ, ಆಯತವು ಸಾಲದೆ ಬಹುಭುಜದ ಗೇಟ್, ಎಂದರೆ ಬೇಕಾದ ಗುಂಪನ್ನು ಸುತ್ತುವರಿಯುವ ಎಲ್ಲೆ, ಹಾಕಬೇಕಾಯಿತು. ಚುಕ್ಕಿಯು ಬಹುಭುಜದ ಒಳಗಿದೆಯೇ ಎಂಬುದನ್ನು ಗಣಕದಿಂದ ತಿಳಿಯುವ ಕ್ರಮವೊಂದನ್ನು ಎಂ. ಶಿಮ್ರತರು ೧೯೬೨ರಲ್ಲಿಯೇ ಪ್ರಕಟಿಸಿದ್ದರು: ಚುಕ್ಕಿಯಿಂದ ಒಂದು ದಿಕ್ಕಿಗೆ ರೇಖೆಯನ್ನೆಳೆದು, ಅದು ಅಂಚುಗಳನ್ನು ದಾಟಿದ ಸಂಖ್ಯೆ ಬೆಸವಾದರೆ ಒಳಗೆ, ಸಮವಾದರೆ ಹೊರಗೆ.

೧೯೮೪ರಲ್ಲಿ ಈ ಅಳತೆಗಳನ್ನು ಉಳಿಸಿಡಲು ಎಫ್‌ಸಿಎಸ್ ಎಂಬ ಸಮಾನ ಕಡತರೂಪವು ಬಂದಿತು. ೨೦೦೯ರ ಪ್ರಬಂಧವೊಂದು ಅಂಥ ಕಡತಗಳನ್ನು ಓದಿ ಗೇಟ್ ಹಾಕಲು ಆರ್ ಎಂಬ ಗಣಕಭಾಷೆಯ ಫ್ಲೋಕೋರ್ ಎಂಬ ಪ್ಯಾಕೇಜನ್ನು ಪರಿಚಯಿಸಿತು. ಅದರಲ್ಲಿ ಬಹುಭುಜವೆಂದರೆ ಶೃಂಗಗಳ ಅಂಕಿಗಳ ಒಂದು ಪಟ್ಟಿ. ಅದನ್ನು ಕೊಟ್ಟೊಡನೆ ಪ್ರತಿಯೊಂದು ಕಣಕ್ಕೂ ಹೌದು ಅಥವಾ ಅಲ್ಲ ಎಂಬ ಉತ್ತರ ಬರುವುದು, ಮೂಲ ಕಡತವು ಮಾತ್ರ ಕೆಡದೆ ಉಳಿಯುವುದು. ಹೌದೆಂದು ಬಂದ ಕಣಗಳನ್ನಷ್ಟೇ ಆಯ್ದು, ಅವುಗಳೊಳಗೆ ಮತ್ತೊಂದು ಗೇಟನ್ನು ಹಾಕಬಹುದು. ಲಾಗರಿದಮ್ ಮಾಪನದಲ್ಲಿ ಗುರುತಿಸಿದ ಶೃಂಗಗಳನ್ನು ಮೂಲ ಮಾಪನದ ಅಂಕಿಗಳಿಗೆ ಹಚ್ಚಿದರೆ ಒಂದು ಕಣವೂ ಸಿಕ್ಕದೆ ಹೋಗಬಹುದು. ಆದಕಾರಣ ಮಾಪನವನ್ನೂ ಬರೆದಿಡುವುದು ಅಗತ್ಯ.

ಕೋಡಿನಲ್ಲಿ ಬರೆದ ಮಾತ್ರಕ್ಕೆ ಗೇಟು ಸರಿಯಾಯಿತೆಂದು ಭಾವಿಸಬಾರದು. ಇಬ್ಬರು ನುರಿತವರು ಒಂದೇ ಮಾದರಿಗೆ ಎರಡು ಬಗೆಯ ಎಲ್ಲೆಯನ್ನು ಹಾಕಬಲ್ಲರು. ಪರದೆಯ ಮೇಲೆ ಮೌಸಿನಿಂದೆಳೆದ ಗೆರೆಯು ದಾಖಲಾಗದಿದ್ದಲ್ಲಿ ಭೇದವು ಮಾತಿನಲ್ಲಿಯೇ ಮುಗಿಯುವುದು. ಶೃಂಗಗಳು ಬರೆಹಕ್ಕಿಳಿದಾಗಲಾದರೋ, ಒಂದನ್ನು ಸರಿಸಿದರೆ ಫಲವು ಶೇಕಡ ಎಷ್ಟು ಬದಲಾಗುವುದೆಂಬುದನ್ನು ಒಪ್ಪದವರೇ ಅದೇ ಕಡತದ ಮೇಲೆ ನಡೆಸಿ ನೋಡಿ, ತಮ್ಮ ಆಕ್ಷೇಪಣೆಯನ್ನು ಅಂಕಿಗಳಿಂದಲೇ ಮುಂದಿಡಬಹುದು.