ನಲವತ್ತೊಂದು ಲೆಂತ್

ಶಿರಾದಿಂದ ಹಿರಿಯೂರಿಗೆ ಹೊರಟ ಬಸ್ಸಿನಲ್ಲಿ ‘ಜವನಗೊಂಡನಹಳ್ಳಿ’ ಎಂದು ಪೂರ್ತಿ ಹೆಸರು ಹೇಳಿದ್ದಕ್ಕೆ ಕಂಡಕ್ಟರ್ ‘ಜೇಜಿಹಳ್ಳಿ ಅನ್ನಿ’ ಎಂದು ಟಿಕೆಟ್ ಕೊಟ್ಟರು. ಊರಿನವರೂ ಹಾಗೇ ಅನ್ನುತ್ತಾರೆ. ನನಗೆ ಉದ್ದನೆಯ ಹೆಸರೇ ಇಷ್ಟ. ಶಾಸನಗಳ ಗಾವುಂಡ ಜನರ ಬಾಯಲ್ಲಿ ಸವೆದು ಗೌಂಡ, ಗೊಂಡ, ಗೌಡ ಆದವನು. ಈ ಊರಿನ ಹೆಸರಿನ ನಡುವೆ ಅವನು ಇನ್ನೂ ಕೂತಿದ್ದಾನೆ ಅನಿಸುತ್ತದೆ.

ನಾನು ಹೋಗಿದ್ದು ಗೆಳೆಯರೊಬ್ಬರ ಸಲುವಾಗಿ. ಬೆಂಗಳೂರಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು, ಈ ಕಡೆ ಎರಡು ಎಕರೆ ಕೊಂಡು ಮನೆ ಕಟ್ಟಿಕೊಂಡು ಇರುವ ಆಸೆ. ‘ಒಮ್ಮೆ ಹೋಗಿ ಊರು ಹೇಗಿದೆ ನೋಡಿ ಬಾ’ ಎಂದಿದ್ದರು.

ಊರು ಹೆದ್ದಾರಿಗೆ ಅಂಟಿಕೊಂಡಿದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 4, ಈಗ 48. ಬೆಂಗಳೂರು–ಪುಣೆ ಲಾರಿಗಳು ಹಗಲೂ ರಾತ್ರಿಯೂ ಹೋಗುತ್ತವೆ. ಪಂಕ್ಚರ್ ಅಂಗಡಿ, ಗೊಬ್ಬರದ ಅಂಗಡಿ, ಇಡ್ಲಿ ಹೋಟೆಲ್ಲು ಎಲ್ಲವೂ ರಸ್ತೆಯ ಕಡೆಗೇ ಮುಖ ಮಾಡಿವೆ. ಭೂಮಿಯ ಮಾತು ಶುರುವಾಗುವುದೂ ಈ ರಸ್ತೆಯಿಂದಲೇ. ರಸ್ತೆ ಬದಿಯದು ಗುಂಟೆ ಲೆಕ್ಕ, ಒಳಗಿನದು ಎಕರೆ ಲೆಕ್ಕ ಎಂದು ಹೋಟೆಲಿನಲ್ಲಿ ಕೂತಿದ್ದವರು ಹೇಳಿದರು. ಎಕರೆಗೆ ನಲವತ್ತು ಗುಂಟೆ. ರಸ್ತೆ ಬದಿಯ ಒಂದು ಗುಂಟೆ ಕೇಳುವ ಬೆಲೆಗೂ ಒಳಗಿನ ಹೊಲದ ಒಂದು ಗುಂಟೆ ಕೇಳುವ ಬೆಲೆಗೂ ತಾಳೆಯೇ ಇಲ್ಲ. ಆದರೆ ಹೆದ್ದಾರಿಯ ನಡುಗೆರೆಯಿಂದ 40 ಮೀಟರ್ ತನಕ ಕಟ್ಟಡ ಕಟ್ಟುವಂತಿಲ್ಲ ಎಂಬ ನಿಯಮವಿದೆ. ರಸ್ತೆ ಬದಿ ಎಂದು ದುಡ್ಡು ಸುರಿದವರಿಗೆ ಅದು ಗೊತ್ತಾಗುವುದು ಎಷ್ಟೋ ಸಲ ಪಾಯ ತೋಡುವಾಗ.

ಕಚೇರಿಯ ಕಾಗದಗಳಲ್ಲಿ ಇದು ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರ. ನಾಡಕಚೇರಿ ಇದೆ, ಆಸ್ಪತ್ರೆ ಇದೆ, ಶಾಲೆಗಳಿವೆ. ತಾಲ್ಲೂಕಿಗೆ ಹೆಸರು ತಂದದ್ದು 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ. 1933ರಲ್ಲಿ ಒಮ್ಮೆ ಕೋಡಿ ಬಿದ್ದು, ಮತ್ತೆ 2022ರಲ್ಲಿ ಬಿದ್ದಾಗ ಇಡೀ ಜಿಲ್ಲೆ ನೋಡಲು ಹೋಗಿತ್ತು. 2025ರ ಜನವರಿಯಲ್ಲಿ ಮೂರನೇ ಸಲ. ಆದರೆ ಆ ಜಲಾಶಯ ವೇದಾವತಿಯದು. ಈ ಹೋಬಳಿ ಸುವರ್ಣಮುಖಿಯ ಕಡೆಯದು. ಇದಕ್ಕೆ ಇರುವುದು ಗಾಯತ್ರಿ ಜಲಾಶಯ. ಮಳೆ ಬಂದರೆ ಅದರಲ್ಲಿ ನೀರು, ಇಲ್ಲದಿದ್ದರೆ ಜಾಲಿ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ನೀರಿನ ಒಂದು ಪಾಲು ಗಾಯತ್ರಿಗೂ ಈ ಹೋಬಳಿಯ ಕೆರೆಗಳಿಗೂ ಬರಲಿ ಎಂದು ರೈತರು ಧರಣಿ ಕೂತದ್ದೂ ಇದೆ. ಅವರು ಕೇಳುತ್ತಿರುವುದು ನ್ಯಾಯವಾಗಿಯೇ ಇದೆ. ಒಂದೇ ತಾಲ್ಲೂಕಿನ ಒಂದು ಮಗ್ಗುಲು ತೆಂಗು, ಅಡಿಕೆ ನೋಡುತ್ತಾ ಇನ್ನೊಂದು ಮಗ್ಗುಲು ಟ್ಯಾಂಕರ್ ಕಾಯುವುದು ಸರಿಯಲ್ಲ.

ಊರಿನಿಂದ ಒಂದು ಮೈಲಿ ಒಳಗೆ, ಗೆಳೆಯರು ಹೇಳಿದ್ದ ಜಮೀನಿನ ಪಕ್ಕದ ಹೊಲದಲ್ಲಿ ಕೊಳವೆಬಾವಿಯಿಂದ ಮೋಟರು ಎತ್ತುತ್ತಿದ್ದರು. ಅಲ್ಲಿ ನಿಂತವನು ಸಂಜೆಯವರೆಗೂ ಕದಲಲಿಲ್ಲ. ಮೂರು ಕಬ್ಬಿಣದ ಕಂಬಗಳ ಮುಕ್ಕಾಲಿ, ಅದರ ನೆತ್ತಿಯಲ್ಲಿ ರಾಟೆ, ರಾಟೆಯ ಹಗ್ಗ ಟ್ರ್ಯಾಕ್ಟರಿಗೆ. ಇಪ್ಪತ್ತಡಿಯ ಒಂದೊಂದು ಪೈಪು ಮೇಲೆ ಬಂದಾಗ ಕ್ಲ್ಯಾಂಪ್ ಬಿಗಿದು, ಚೈನ್ ಪಾನದಿಂದ ತಿರುಗಿಸಿ ಬಿಚ್ಚಿ, ಬದುವಿನ ಮೇಲೆ ಮಲಗಿಸುತ್ತಿದ್ದರು. ಅವರ ಮೇಸ್ತ್ರಿಗೆ ಐವತ್ತು ದಾಟಿರಬೇಕು. ಅಂಗೈ ಸೈಕಲ್ಲಿನ ಟೈರಿನಂತಿತ್ತು. ಕೆಲಸ ನಿಲ್ಲಿಸದೆ ಮಾತಾಡುವ ಮನುಷ್ಯ.

‘ನಾವು ಅಡಿ ಎಣಿಸಲ್ಲ ಸಾ, ಲೆಂತ್ ಎಣಿಸ್ತೀವಿ. ನಾನು ಈ ಕೆಲ್ಸಕ್ಕೆ ಬಂದಾಗ ಹತ್ತು ಲೆಂತ್, ಹನ್ನೆರಡು ಲೆಂತ್. ಮಧ್ಯಾಹ್ನದೊಳ್ಗೆ ಎರಡು ಬಾವಿ ಮುಗಿಸ್ತಿದ್ವಿ. ಈಗ ಒಂದೇ ಬಾವಿಗೆ ಹೊತ್ತು ಮುಳುಗ್ತೈತೆ.’

ಈ ಬಾವಿ ಎಷ್ಟು ಎಂದೆ. ‘ನಲವತ್ತೊಂದು.’ ಅಂದರೆ 820 ಅಡಿ.

ಸುತ್ತಲಿನ ಹೊಲಗಳೆಲ್ಲ ಅವರಿಗೆ ಹೀಗೇ ಗೊತ್ತು. ಕೈ ಮಾಡಿ ತೋರಿಸುತ್ತಾ ಹೋದರು: ಆ ಹುಣಸೆಮರದ ಪಕ್ಕದ್ದು ಮೂವತ್ತೆರಡು, ಆಚೆ ದಾಳಿಂಬೆ ಹಾಕಿರುವುದು ನಲವತ್ತೈದು, ಹಳ್ಳದ ಮಗ್ಗುಲಿನದು ಇಪ್ಪತ್ತಾರು, ಅಲ್ಲಿ ಬೇಲಿ ಹಾಕಿ ಗೇಟು ಇಟ್ಟಿರುವುದು ಮೂರು ಸಲ ಕೊರೆಸಿದ್ದು, ಮೂರರಲ್ಲೂ ಬರೀ ದೂಳು. ಸರ್ವೆ ನಂಬರು ಗೊತ್ತಿಲ್ಲ, ಯಾರ ಹೆಸರಿನಲ್ಲಿದೆ ಎಂಬುದೂ ಕೆಲವು ಕಡೆ ಗೊತ್ತಿಲ್ಲ. ನೆಲದ ಕೆಳಗಿನ ಆಳ ಮಾತ್ರ ಒಂದೂ ತಪ್ಪದೆ ನೆನಪಿದೆ. ಭೂಮಿ ಕೊಳ್ಳಲು ಬರುವವರು ಮೊದಲು ಹೋಗಿ ಕೇಳಬೇಕಾದದ್ದು ಇಂಥವರನ್ನು ಎಂದು ನನಗೆ ಗಟ್ಟಿಯಾಗಿ ಅನಿಸಿತು. ದಲ್ಲಾಳಿ ತೋರಿಸುವುದು ಮೇಲಿನ ಎರಡು ಎಕರೆಯನ್ನು ಮಾತ್ರ.

ಹಾಗೆಂದು ಕಾಗದ ನೋಡದೆ ಇರಲಾಗದು. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಕಾರುಗಳು ಈ ಕಡೆ ಹೆಚ್ಚಾಗಿ ತಿರುಗಿದ್ದು ಆಮೇಲೆಯೇ ಎಂದು ಹೋಟೆಲಿನವರು ಹೇಳಿದ್ದರು. ಪಹಣಿಯಲ್ಲಿ ‘ಬ’ ಖರಾಬು ಎಷ್ಟಿದೆ ನೋಡಬೇಕು, ಅದು ದಾರಿಯೋ ಹಳ್ಳವೋ ಆಗಿರುತ್ತದೆ, ಸರ್ಕಾರದ್ದು. ಹನ್ನೊಂದನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಇದೆಯೇ ನೋಡಬೇಕು. ಭಾಗ ಕೊಡುತ್ತಿದ್ದರೆ 11ಇ ನಕ್ಷೆ ಬೇಕೇ ಬೇಕು. ಮೂಲದಲ್ಲಿ ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಹದಿನೆಂಟನೇ ಲೆಂತ್ ಮೇಲೆ ಬರುವ ಹೊತ್ತಿಗೆ ಕುರಿಯ ಮಂದೆಯೊಂದು ಬಂತು. ಇದು ಕಾಡುಗೊಲ್ಲರ ಹಟ್ಟಿಗಳ ಸೀಮೆ, ಕುರಿ ಇಲ್ಲಿಯ ಬದುಕಿನ ದೊಡ್ಡ ಪಾಲು. ಮಂದೆ ನೇರ ಬರಲಿಲ್ಲ. ಹೊಸ ತಂತಿಬೇಲಿಯೊಂದರ ಉದ್ದಕ್ಕೂ ಸುತ್ತು ಹಾಕಿ, ಅದರ ಮೂಲೆ ಸಿಕ್ಕ ಮೇಲೆ ಹಳ್ಳಕ್ಕೆ ಇಳಿಯಿತು. ಕಾಯುತ್ತಿದ್ದ ಹುಡುಗ, ಅಪ್ಪನ ಕಾಲದಲ್ಲಿ ಇಲ್ಲೇ ಅಡ್ಡ ಹಾಯುತ್ತಿದ್ದರು ಎಂದ. ಬೆಳೆ ಕೊಯ್ದ ಹೊಲದಲ್ಲಿ ರಾತ್ರಿ ಮಂದೆ ಕೂಡಿಸಿದರೆ ಹೊಲಕ್ಕೆ ಗೊಬ್ಬರ, ಕುರಿಯವರಿಗೆ ಕಾಳು ಇಲ್ಲವೇ ಕಾಸು. ಬೇಲಿ ಹಾಕಿ ಗೇಟಿಗೆ ಬೀಗ ಜಡಿದ ಹೊಲದವರೊಂದಿಗೆ ಆ ಕೊಡುಕೊಳೆ ಸಾಧ್ಯವೇ ಇಲ್ಲ, ಮಾತಾಡಲು ಅಲ್ಲಿ ಯಾರೂ ಇರುವುದಿಲ್ಲ. ಕೊಂಡವರಿಗೆ ಬೇಲಿ ಹಾಕುವ ಹಕ್ಕಿದೆ, ಒಪ್ಪುತ್ತೇನೆ. ಆದರೂ ಆ ಮೂರಾಳೆತ್ತರದ ಗೇಟು, ಒಳಗೆ ಮೊಣಕಾಲುದ್ದ ಬೆಳೆದ ಪಾರ್ಥೇನಿಯಂ ನೋಡಿ ಸಂಕಟವಾಯಿತು. ಉತ್ತಿಲ್ಲ, ಬಿತ್ತಿಲ್ಲ, ಕುರಿಯನ್ನೂ ಬಿಟ್ಟಿಲ್ಲ.

ಹೊಲದ ಯಜಮಾನಿ ಬೇವಿನ ಮರದ ಕೆಳಗೆ ಕೂತಿದ್ದರು. ಮೇಸ್ತ್ರಿ ಅವರನ್ನು ‘ದೊಡ್ಡವ್ವ’ ಎನ್ನುತ್ತಿದ್ದರು. ಮೂರು ಎಕರೆ, ಅದರಲ್ಲಿ ಒಂದು ಎಕರೆ ತೆಂಗು. ಉಳಿದದ್ದು ಮಳೆ ನೋಡಿಕೊಂಡು ಶೇಂಗಾ, ರಾಗಿ, ಸಾಲಿನ ನಡುವೆ ತೊಗರಿ. ಮಗ ಪೀಣ್ಯದ ಕಾರ್ಖಾನೆಯಲ್ಲಿ. ಪಕ್ಕದ ಜಮೀನು ಮಾರಾಟಕ್ಕಿದೆ ಎಂದು ತಿಳಿದಾಗಿನಿಂದ ನಮ್ಮದೂ ಕೊಡೋಣ, ಒಟ್ಟಿಗೆ ಆದರೆ ಒಳ್ಳೆ ಬೆಲೆ ಬರುತ್ತದೆ ಎನ್ನುತ್ತಿದ್ದಾನಂತೆ. ನೀವೇನಂತೀರಿ ಎಂದು ಕೇಳಿದೆ.

‘ಕೊಟ್ಟು ಏನ್ ಮಾಡ್ಲಪ್ಪ? ಅವ್ನ ಮನೇಲಿ ಒಂದ್ ಕೋಣೆ ಐತೆ, ಅದ್ರಾಗೆ ಟೀವಿ ಐತೆ. ಇಲ್ಲಿ ತೆಂಗು ಬಿಟ್ಟು ಹೋದ್ರೆ ಒಣಗ್ತಾವೆ.’

ಹಿಂದಿನ ಬರಗಾಲದಲ್ಲಿ ಹನ್ನೊಂದು ಮರ ಸುಳಿ ಒಣಗಿ ಹೋದವು ಎಂದು ಬೆರಳಿನಲ್ಲಿ ಜಾಗ ತೋರಿಸಿದರು. ಬುಡಗಳು ಹಾಗೇ ಇದ್ದವು. ನನಗೆ ಮಜ್ಜಿಗೆ ತರಿಸಿಕೊಟ್ಟರು. ಉಪ್ಪು ಮುಂದು, ಕೊತ್ತಂಬರಿ ಹಾಕಿದ್ದು.

ಹೊತ್ತು ಇಳಿಯುವಾಗ ಮೂವತ್ತು ದಾಟಿತ್ತು. ವಾಲ್ವು ಕೆಟ್ಟು ಪೈಪಿನೊಳಗಿನ ನೀರೆಲ್ಲ ಮೊದಲೇ ಇಳಿದುಹೋಗಿದ್ದರಿಂದ ಬರುವ ಪೈಪೆಲ್ಲ ಒಳಗೂ ಹೊರಗೂ ಒಣಗಿದ್ದವು. ಒಂದೆರಡರ ಮೈಮೇಲೆ ಉಪ್ಪಿನ ಬಿಳಿ ಪಟ್ಟೆ ಇತ್ತು. ಮೇಸ್ತ್ರಿ ಉಗುರಿನಿಂದ ಕೆರೆದು ತೋರಿಸಿದರು. ಒಂದು ಕಾಲದಲ್ಲಿ ನೀರು ನಿಂತಿದ್ದ ಗುರುತು ಅದು. ಇಪ್ಪತ್ತೊಂಬತ್ತನೆಯದರ ಮೇಲೆ ಒಂದು ಪಟ್ಟೆ, ಮೂವತ್ತಮೂರರ ಮೇಲೆ ಇನ್ನೊಂದು. ಮೂವತ್ತಾರು ಒಣ. ಮೂವತ್ತೇಳು ಒಣ. ಆಗ ದೊಡ್ಡವ್ವ ಎದ್ದು ಬಂದರು. ಮೂವತ್ತೆಂಟನೆಯದು ನಡುಮಧ್ಯಕ್ಕೆ ಬರುವಷ್ಟರಲ್ಲಿ ಕಪ್ಪಗೆ ತೇವ ಕಾಣಿಸಿತು, ಕೇಬಲ್ಲಿನ ಮೇಲೆ ಹನಿ. ಮೇಸ್ತ್ರಿ ಟ್ರ್ಯಾಕ್ಟರಿನವನಿಗೆ ತಡಿ ಎಂದು ಕೈ ಎತ್ತಿದರು.

‘ಮೂರೂವರೆ ಲೆಂತ್ ಐತೆ ದೊಡ್ಡವ್ವ.’

ಎಪ್ಪತ್ತು ಅಡಿ ನೀರು. ಆಕೆ ಪೈಪಿನ ತೇವದ ಮೇಲೆ ಅಂಗೈ ಇಟ್ಟು ನೋಡಿ, ಆ ಕೈಯನ್ನು ಸೆರಗಿಗೆ ಒರೆಸಿಕೊಳ್ಳದೆ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಮೋಟರು ಮೇಲೆ ಬಂತು, ಸುಟ್ಟ ಕಾಯಿಲಿನ ವಾಸನೆ ಹೊಡೆಯುತ್ತಿತ್ತು. ರಿವೈಂಡಿಂಗಿಗೆ ನಾಳೆ ಹಿರಿಯೂರಿಗೆ ಒಯ್ಯಬೇಕು, ನಾಡಿದ್ದು ಇಳಿಸಬೇಕು ಎಂದು ಮಾತಾಯಿತು. ಅಲ್ಲಿಯತನಕ ಮರಗಳಿಗೆ ಟ್ಯಾಂಕರ್ ಒಂದು ಲೋಡು ಹೇಳಿಬಿಡು ಎಂದು ದೊಡ್ಡವ್ವ ಮಗನಿಗೆ ಫೋನು ಹಚ್ಚಿಸಿದರು.