ಒಂದೂವರೆ ಗಂಟೆ ದೂರದ ನೆರೆಯೂರು

ಕೆನಡಾದ ಉತ್ತರ ತುದಿಯ ಗ್ರೀಸ್ ಫಿಯರ್ಡ್‌ನಲ್ಲಿ ಒಂದು ಕಲ್ಲಿನ ಪ್ರತಿಮೆಯಿದೆ. ಒಬ್ಬ ಹೆಂಗಸು, ಜೊತೆಗೊಬ್ಬ ಚಿಕ್ಕ ಹುಡುಗ, ಒಂದು ಹಸ್ಕಿ ನಾಯಿ. ಅವಳ ನೋಟ ರೆಸಲ್ಯೂಟ್ ಎಂಬ ಇನ್ನೊಂದು ಊರಿನ ಕಡೆಗೆ. ರೆಸಲ್ಯೂಟ್‌ನಲ್ಲಿರುವುದು ಒಬ್ಬಂಟಿ ಗಂಡಸಿನ ಪ್ರತಿಮೆ. ಅವನ ಮುಖ ಗ್ರೀಸ್ ಫಿಯರ್ಡ್‌ನತ್ತ.

ಇಬ್ಬರ ನಡುವೆ ಆಕಾಶಮಾರ್ಗದಲ್ಲಿ ಸುಮಾರು 385 ಕಿ.ಮೀ. ರಸ್ತೆಯ ದೂರ ಕೇಳುವಂತಿಲ್ಲ. ಇವೆರಡೂ ಇರುವ ನುನಾವುಟ್ ಪ್ರದೇಶದ 25 ಊರುಗಳ ನಡುವೆ ರಸ್ತೆಯೇ ಇಲ್ಲ. 2021ರ ಜನಗಣತಿಯಲ್ಲಿ ಗ್ರೀಸ್ ಫಿಯರ್ಡ್‌ನಲ್ಲಿ 144 ಜನ, ರೆಸಲ್ಯೂಟ್‌ನಲ್ಲಿ 183. ಉತ್ತರದ ಮೂಲನಿವಾಸಿಗಳಾದ ಇನುಯಿಟ್ ಜನರ ಭಾಷೆಯಲ್ಲಿ ಮೊದಲನೆಯದರ ಹೆಸರಿಗೆ ‘ಎಂದೂ ಕರಗದ ಜಾಗ’ ಎಂದೂ ಎರಡನೆಯದಕ್ಕೆ ‘ಬೆಳಗಾಗದ ಜಾಗ’ ಎಂದೂ ಅರ್ಥ. ಚಳಿಗಾಲದಲ್ಲಿ ಮೂರು ತಿಂಗಳು ಸೂರ್ಯ ಕಾಣದ ಊರಿಗೆ ಹೆಸರು ಸರಿಯಾಗೇ ಇದೆ.

ಗೋಡೆಗೆ ತೂಗುಹಾಕುವ ನಕಾಶೆ ನಂಬಿದರೆ ಈ ದೂರದ ಲೆಕ್ಕ ತಪ್ಪುತ್ತದೆ. ಎರಡೂ ಊರುಗಳ ನಡುವೆ ಹೆಚ್ಚುಕಡಿಮೆ 12 ಡಿಗ್ರಿ ರೇಖಾಂಶದ ಅಂತರವಿದೆ. ಸಮಭಾಜಕದ ಮೇಲಾದರೆ ಅದು 1,300 ಕಿ.ಮೀ. ದಾಟುತ್ತಿತ್ತು. ಆದರೆ ಸುಲಿದ ಕಿತ್ತಳೆಯ ತೊಳೆಗಳಂತೆ ರೇಖಾಂಶಗಳೆಲ್ಲ ಧ್ರುವದಲ್ಲಿ ಒಂದುಗೂಡುತ್ತವಲ್ಲ. ಇಲ್ಲಿ ಒಂದು ಡಿಗ್ರಿಗೆ ಬರೀ 28 ಕಿ.ಮೀ. ಅಗಲ.

ದಿಕ್ಸೂಚಿಯದೂ ಇದೇ ಪಾಡು. ಕಾಂತೀಯ ಉತ್ತರ ಧ್ರುವ 20ನೇ ಶತಮಾನದ ಬಹುಪಾಲು ಈ ಭಾಗದ ದ್ವೀಪಗಳ ನಡುವೆ ಅಲೆದು, ಈಗ ಸೈಬೀರಿಯಾದ ಕಡೆ ಸರಿಯುತ್ತಿದೆ. ಮುಳ್ಳನ್ನು ನೆಚ್ಚುವಂತಿಲ್ಲದ್ದರಿಂದ ಇಲ್ಲಿನ ರನ್‌ವೇಗಳಿಗೆ ಭೌಗೋಳಿಕ ಉತ್ತರವನ್ನು ಹಿಡಿದೇ ಸಂಖ್ಯೆ ಕೊಡುತ್ತಾರೆ.

ಅಷ್ಟಕ್ಕೂ ಆ ಪ್ರತಿಮೆಗಳು ಪರಸ್ಪರ ನೋಡುವುದೇಕೆ? 1953ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್ ಉತ್ತರದ ಇನುಕ್ಜುವಾಕ್‌ನಿಂದ ಇನುಯಿಟ್ ಕುಟುಂಬಗಳನ್ನು ಇತ್ತ ಬರುವ ಹಡಗು ಹತ್ತಿಸಿತು. ಬೇಟೆ ಯಥೇಚ್ಛ ಸಿಗುತ್ತದೆ, ಬೇಡವೆನಿಸಿದರೆ ವಾಪಸು ಬರಬಹುದು ಎಂದು ನಂಬಿಸಿತ್ತು. ತಮ್ಮನ್ನು ಬೇರೆ ಬೇರೆ ಕಡೆ ಇಳಿಸುತ್ತಾರೆಂದು ಆ ಜನಕ್ಕೆ ಗೊತ್ತಾದದ್ದು ಹಡಗಿನಲ್ಲೇ. 1955ರಲ್ಲಿ ಇನ್ನಷ್ಟು ಜನ ಬಂದರು. ವಾಪಸಿನ ಮಾತು ಉಳಿಯಲಿಲ್ಲ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಪ್ರತಿಮೆಗಳು ಅನಾವರಣಗೊಂಡದ್ದೂ ಅದೇ ವರ್ಷ. ಹಾಗಾಗಿ ಈ 385 ಕಿ.ಮೀ. ಭೂಗೋಳದ ದೂರವಷ್ಟೇ ಅಲ್ಲ, ಅಗಲಿಸಿದವರು ಹಾಕಿದ ದೂರವೂ ಹೌದು.

ಈಗ ಅದನ್ನು ದಾಟಿಸುವುದು ಟ್ವಿನ್ ಆಟರ್. 1965ರಲ್ಲಿ ಮೊದಲು ಹಾರಿದ, ಎರಡು ಪ್ರೊಪೆಲರ್‌ಗಳ ಪುಟ್ಟ ವಿಮಾನ. ತುಂಬಿದರೆ 19 ಜನ. ಹಾದಿ ಸುಮಾರು ಒಂದೂವರೆ ಗಂಟೆಯದು. ರೆಸಲ್ಯೂಟ್‌ನ ಜಲ್ಲಿ ರನ್‌ವೇ ಹೆಚ್ಚುಕಡಿಮೆ 2 ಕಿ.ಮೀ. ಉದ್ದ, ಜೆಟ್ ಕೂಡ ಇಳಿಯಬಲ್ಲದು. ಗ್ರೀಸ್ ಫಿಯರ್ಡ್‌ನದು 600 ಮೀಟರೂ ಇಲ್ಲ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ. ಭಾರದ ಸಾಮಾನನ್ನೆಲ್ಲ ಬೇಸಿಗೆ ಕೊನೆಗೆ, ಮಂಜುಗಡ್ಡೆ ಬಿರಿದಾಗ, ಹಡಗು ತಂದಿಳಿಸುತ್ತದೆ. ಹೆರಿಗೆಗೆ ಹೋಗುವ ಬಸುರಿ ಮಾತ್ರ ಈ ವಿಮಾನವನ್ನೇ ಹತ್ತಬೇಕು, ರೆಸಲ್ಯೂಟ್ ದಾಟಿ ಇನ್ನೂ 1,500 ಕಿ.ಮೀ. ಆಚೆಯ ಇಕಾಲುಯಿಟ್ ಸೇರಬೇಕು.

ಮೋಡ ಬೆಟ್ಟದಿಂದ ಕೆಳಗಿಳಿದರೆ, ಅಡ್ಡಗಾಳಿ ಬೀಸಿದರೆ, ಪೈಲಟ್ ಗ್ರೀಸ್ ಫಿಯರ್ಡ್ ತಲುಪಿಯೂ ಇಳಿಯದೆ ರೆಸಲ್ಯೂಟ್‌ಗೆ ಮರಳುತ್ತಾನೆ. ಪ್ರಯಾಣಿಕರು 770 ಕಿ.ಮೀ. ಹಾರಿ, ಹತ್ತಿದಲ್ಲೇ ಇಳಿದು, ಚೀಲ ಹೊತ್ತು ಮುಂದಿನ ವಿಮಾನಕ್ಕೆ ಕಾಯುತ್ತಾರೆ.